ಹಟಮಾರಿ ಅನ್ನಿಸಿಕೊಂಡ ಹಳೇ ಕುದುರೆ: ದೋಷ ಎಲ್ಲಿದೆ ಅಂತ ಕಡಿಮೆ ಖರ್ಚಿನಲ್ಲಿ ಹುಡುಕುವುದು ಹೇಗೆ

ಟಾಂಗಾ ಎಳೆದು ಸಾಕಾದ ಕುದುರೆ, ಮದುವೆ ಮೆರವಣಿಗೆಯ ಬ್ಯಾಂಡು ಪಟಾಕಿ ನಡುವೆ ವರ್ಷಗಟ್ಟಲೆ ನಿಂತ ಕುದುರೆ, ರೇಸಿನಿಂದ ಹೊರಬಿದ್ದು ಮೂರ್ನಾಲ್ಕು ಕೈ ಬದಲಾದ ಕುದುರೆ. ಇಂಥವು ಕಡಿಮೆ ಬೆಲೆಗೆ ಸಿಗುತ್ತವೆ. ತಂದ ವಾರದಲ್ಲೇ ಸಮಸ್ಯೆ ಶುರುವಾಗುತ್ತದೆ. ಹಿಡಿಯಲು ಹೋದರೆ ಓಡುತ್ತದೆ, ಕಡಿವಾಣ ತೋರಿಸಿದರೆ ತಲೆ ಮೇಲೆತ್ತುತ್ತದೆ, ಕಾಲು ಮುಟ್ಟಿದರೆ ಒದೆಯುತ್ತದೆ. ಮಾರಿದವರಿಗೆ ಫೋನ್ ಮಾಡಿದರೆ "ಅದು ಸ್ವಲ್ಪ ಹಟ, ಎರಡು ಬಿಗಿದರೆ ಸರಿಹೋಗುತ್ತೆ" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕುದುರೆ ಈಗಾಗಲೇ ಬೇಕಾದಷ್ಟು ತಿಂದಿರುತ್ತದೆ, ಅದರಿಂದ ಸರಿಹೋಗುವುದಾಗಿದ್ದರೆ ಎಂದೋ ಹೋಗುತ್ತಿತ್ತು.

ಕೆಟ್ಟ ನಡತೆಗೆ ಕಾರಣ ಹುಡುಕಲು ಒಂದು ಕ್ರಮ ಇದೆ. ಮೊದಲು ನೋವು. ಆಮೇಲೆ ಭಯ. ಆಮೇಲೆ, ನಾವು ಕೇಳುತ್ತಿರುವುದು ಅದಕ್ಕೆ ಗೊತ್ತೇ ಇಲ್ಲದಿರುವುದು. ಕೊನೆಗೆ ಅಭ್ಯಾಸ. ಈ ಕ್ರಮ ತಪ್ಪಿಸಿದರೆ ದುಡ್ಡು ದಂಡ. ಹಲ್ಲು ಚುಚ್ಚುತ್ತಿರುವ ಕುದುರೆಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟರೂ ಅದು ಕಲಿಯುವುದು ಒಂದೇ: ಮನುಷ್ಯರು ಬಂದರೆ ಬಾಯಿ ನೋಯುತ್ತದೆ ಅಂತ.

ಇದನ್ನು ಮೊದಲು ನೋಡಿ, ಕಾಯಬೇಡಿ

ನಡತೆ ಹಳೆಯದೋ, ಇದ್ದಕ್ಕಿದ್ದಂತೆ ಬಂದದ್ದೋ? ಸುಮ್ಮನಿದ್ದ ಕುದುರೆ ಒಂದೆರಡು ದಿನದಲ್ಲಿ ಕಚ್ಚಲು ಬರುತ್ತಿದೆ, ಜೊಲ್ಲು ಸುರಿಸುತ್ತಿದೆ, ನುಂಗಲು ಆಗುತ್ತಿಲ್ಲ, ನಡಿಗೆ ತೂರಾಡುತ್ತಿದೆ ಅಂದರೆ ಅದು ರೇಬಿಸ್ ಇರಬಹುದು. ಬೀದಿನಾಯಿ ಕಚ್ಚಿದ್ದು ಯಾರ ಕಣ್ಣಿಗೂ ಬಿದ್ದಿರಬೇಕಾಗಿಲ್ಲ. ಬಾಯಿಗೆ ಕೈ ಹಾಕಬೇಡಿ, ದೂರ ನಿಂತು ಪಶುವೈದ್ಯರಿಗೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ಘಟಕಕ್ಕೆ 1962ಕ್ಕೆ ಕರೆ ಮಾಡಬಹುದು.

ಮೂಗಿನಿಂದ ದಪ್ಪ ಕೀವಿನಂಥ ಸುರಿತ, ಚರ್ಮದ ಮೇಲೆ ಸಾಲಾಗಿ ಗಂಟು, ಒಡೆದ ಹುಣ್ಣು ಕಂಡರೆ ಗ್ಲಾಂಡರ್ಸ್ ಅನುಮಾನ ಬರಬೇಕು. ಮನುಷ್ಯರಿಗೂ ಅಂಟುವ ಕಾಯಿಲೆ ಇದು. ಕುದುರೆ ಕೊಳ್ಳುವ ಮೊದಲೇ ಇದರ ರಕ್ತಪರೀಕ್ಷೆ ಆಗಿದೆಯಾ ಅಂತ ಕೇಳುವುದು ಒಳ್ಳೆಯದು. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುವುದು, ನೆಲ ಕೆರೆಯುವುದು, ಪದೇ ಪದೇ ಬಿದ್ದು ಹೊರಳುವುದು, ಲದ್ದಿ ನಿಂತಿರುವುದು, ಇವೆಲ್ಲ ಹೊಟ್ಟೆನೋವಿನ ಲಕ್ಷಣ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹಾಗಾಗಿ ಇದರಲ್ಲಿ ಬೆಳಗಾಗಲಿ ನೋಡೋಣ ಅನ್ನುವ ಮಾತೇ ಇಲ್ಲ.

ಮೊದಲ ಎರಡು ವಾರ ಸವಾರಿ ಬೇಡ, ಗಾಡಿಯೂ ಬೇಡ

ಈ ಎರಡು ವಾರ ನೋಡುವುದಕ್ಕೆ, ಬರೆದಿಡುವುದಕ್ಕೆ. ಒಂದು ನೋಟ್‌ಬುಕ್ ಸಾಕು. ಆರೋಗ್ಯವಾಗಿರುವ ದೊಡ್ಡ ಕುದುರೆಗೆ ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ನಾಡಿ ಸಿಗುವುದು ಕೆಳದವಡೆಯ ಒಳಅಂಚಿನಲ್ಲಿ, ಬೆರಳಿಗೆ ದಾರದಂತೆ ತಾಗುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನಿಮ್ಮ ಕುದುರೆಯ ಮಾಮೂಲಿ ಲೆಕ್ಕ ಗೊತ್ತಿದ್ದರೆ ಮುಂದೆ ಅದು ಹಟ ಮಾಡುತ್ತಿದೆಯೋ, ಹುಷಾರಿಲ್ಲವೋ ಅನ್ನುವ ಅರ್ಧ ಜಗಳ ಮುಗಿದಂತೆ.

ತೂಕಕ್ಕೆ ತಕ್ಕಡಿ ಬೇಕಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತ ದಾರ ಸುತ್ತಿ ಸೆಂಟಿಮೀಟರಿನಲ್ಲಿ ಅಳೆಯಿರಿ. ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ ಸಿಗುತ್ತದೆ. ಸುತ್ತಳತೆ 160, ಉದ್ದ 140 ಇದ್ದರೆ ಸುಮಾರು 300 ಕೆ.ಜಿ. ಜಂತುಹುಳು ಔಷಧಿಯ ಪ್ರಮಾಣಕ್ಕೂ ಮೇವಿನ ಲೆಕ್ಕಕ್ಕೂ ಇದು ಬೇಕೇ ಬೇಕು.

ವಯಸ್ಸನ್ನೂ ನೀವೇ ಅಂದಾಜು ಮಾಡಿ. ಮೇಲ್ದವಡೆಯ ಮುಂದಿನ ಸಾಲಿನಲ್ಲಿ ಎರಡೂ ತುದಿಯ ಹಲ್ಲು ನೋಡಿ. ಹೊರಮೈಯಲ್ಲಿ ಒಂದು ಕಂದು ಗೆರೆ ಇರುತ್ತದೆ. ಸುಮಾರು 10ನೇ ವರ್ಷಕ್ಕೆ ಅದು ಒಸಡಿನ ಹತ್ತಿರ ಕಾಣಿಸಿಕೊಳ್ಳುತ್ತದೆ, 15ರ ಹೊತ್ತಿಗೆ ಹಲ್ಲಿನ ಅರ್ಧಕ್ಕೆ ಬರುತ್ತದೆ, 20ಕ್ಕೆ ಪೂರ್ತಿ ಇಳಿದಿರುತ್ತದೆ. ಪಕ್ಕಾ ಲೆಕ್ಕ ಅಲ್ಲ, ಆದರೂ ಎಂಟು ವರ್ಷ ಅಂತ ಮಾರಿದ ಕುದುರೆಯ ಗೆರೆ ಅರ್ಧ ಇಳಿದಿದ್ದರೆ ವಿಷಯ ಅರ್ಥವಾಗುತ್ತದೆ.

ಇನ್ನು ಮೇವು. ಬಹಳ ಕಡೆ ದೋಷ ಇರುವುದೇ ಇಲ್ಲಿ. ಕುದುರೆಯ ಜಠರ ಚಿಕ್ಕದು, ಆಮ್ಲ ಮಾತ್ರ ಇಡೀ ದಿನ ಸುರಿಯುತ್ತಲೇ ಇರುತ್ತದೆ. ಬೆಳಗ್ಗೆ ಒಂದು ಬಕೆಟ್ ಬೂಸಾ, ಸಂಜೆ ಒಂದು ಬಕೆಟ್ ಹುರುಳಿ, ನಡುವೆ ಖಾಲಿ ಗೂಟ ಅಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಸಿಡುಕು ಬರುತ್ತದೆ, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚುತ್ತದೆ. ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಒಣಮೇವು ಬೇಕು, 300 ಕೆ.ಜಿ. ಕುದುರೆಗೆ 4.5ರಿಂದ 6 ಕೆ.ಜಿ. ಹಸಿ ಹುಲ್ಲಾದರೆ ಅದರಲ್ಲಿ ನೀರೇ ಜಾಸ್ತಿ, ಹಾಗಾಗಿ ಅದರ ಮೂರ್ನಾಲ್ಕು ಪಟ್ಟು. ದಿನವಿಡೀ ಸ್ವಲ್ಪ ಸ್ವಲ್ಪ ಸಿಗುವಂತೆ ಹಾಕಿ. ಗರಿಕೆ ಸಿಕ್ಕರೆ ಬಹಳ ಒಳ್ಳೆಯದು, ಕೊಯ್ದು ತರಲು ಮೈಮುರಿಯಬೇಕು ಅಷ್ಟೇ. ಬೂಸಾ ಒಂದನ್ನೇ ನಂಬಿದರೆ ರಂಜಕ ಜಾಸ್ತಿಯಾಗಿ ಮೂಳೆಯ ಸುಣ್ಣ ಕರಗುತ್ತದೆ. ನೇಪಿಯರ್ ಹುಲ್ಲು ಒಂದನ್ನೇ ತಿಂಗಳುಗಟ್ಟಲೆ ಹಾಕಿದರೂ ಸುಣ್ಣದ ಕೊರತೆ ಬರುತ್ತದೆ. ಜೊತೆಗೆ ಒಂದಷ್ಟು ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಕೊಡಿ. ದಿನಕ್ಕೊಂದು ಹಿಡಿ ಉಪ್ಪು ಮರೆಯಬೇಡಿ. ನೀರು 25 ಲೀಟರಿಗೆ ಕಡಿಮೆ ಇರಬಾರದು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ.

ಉಲ್ಟಾ ದೋಷವೂ ಇದೆ. ಕೆಲಸ ಇಲ್ಲದೆ ಕಟ್ಟಿಹಾಕಿ, ಪಾಪ ಸೊರಗಿದೆ ಅಂತ ಬೇಯಿಸಿದ ಹುರುಳಿ ಸುರಿದರೆ ಎರಡೇ ವಾರದಲ್ಲಿ ಕುದುರೆ ಕೈಗೆ ಸಿಗುವುದಿಲ್ಲ. ಕಾಳು ಇಳಿಸಿ, ಹುಲ್ಲು ಏರಿಸಿ, ದಿನಾ ಒಂದಿಷ್ಟು ಹೊತ್ತು ಬಯಲಲ್ಲಿ ಬಿಡಿ. ಇಷ್ಟರಲ್ಲೇ ನಡತೆ ಬದಲಾದರೆ ಮುಂದಿನದನ್ನು ಓದುವ ಅವಸರ ಏನಿಲ್ಲ.

ನೋವು ಎಲ್ಲಿದೆ

ಬಾಯಿಯಿಂದ ಶುರು ಮಾಡಿ. ಕುದುರೆಯ ಹಲ್ಲು ಜೀವನವಿಡೀ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ಅಗಿದು ಸವೆಯುತ್ತಲೇ ಇರುತ್ತದೆ. ಸವೆತ ಸಮ ಇಲ್ಲದಿದ್ದಾಗ ಮೇಲಿನ ದವಡೆಹಲ್ಲಿನ ಹೊರಅಂಚು ಕೆನ್ನೆಗೆ, ಕೆಳಗಿನದರ ಒಳಅಂಚು ನಾಲಿಗೆಗೆ ಚುಚ್ಚುತ್ತದೆ. ಅಗಿದ ಹುಲ್ಲು ಉಂಡೆಯಾಗಿ ಕೆಳಗೆ ಬೀಳುತ್ತಿದೆಯಾ? ತಿನ್ನುವಾಗ ತಲೆ ಒಂದು ಪಕ್ಕಕ್ಕೆ ವಾಲುತ್ತಾ? ಲದ್ದಿಯಲ್ಲಿ ಉದ್ದುದ್ದ ಹುಲ್ಲಿನ ಎಳೆ, ಇಡೀ ಕಾಳು ಕಾಣುತ್ತಾ? ಬಾಯಿ ಒಂದೇ ಕಡೆಯಿಂದ ನಾರುತ್ತಾ? ಒಂದಕ್ಕೆ ಹೌದು ಅಂದರೂ ಹಲ್ಲು ತೋರಿಸಿ, ಅರ ಹಾಕಿ ನಯ ಮಾಡಿಸಿ. ದವಡೆಹಲ್ಲಿನವರೆಗೆ ನೀವೇ ಬೆರಳು ಹಾಕಬೇಡಿ, ಕತ್ತರಿಸಿ ಹೋಗುತ್ತದೆ. ತುಟಿಯ ಮೂಲೆ, ನಾಲಿಗೆ, ಕಡಿವಾಣ ಕೂರುವ ಖಾಲಿ ಒಸಡು ಇಷ್ಟನ್ನು ನೀವು ನೋಡಬಹುದು. ಹಳೇ ಗಾಯದ ಗುರುತು ಇದ್ದರೆ ಹಿಂದೆ ಎಂಥ ಕಡಿವಾಣ ಹಾಕಿದ್ದರು ಅಂತ ಊಹಿಸಬಹುದು. ಮುಳ್ಳಿರುವ ಕಡಿವಾಣವನ್ನು 1965ರ ಭಾರ ಎಳೆಯುವ, ಹೊರುವ ಪ್ರಾಣಿಗಳ ನಿಯಮದಲ್ಲೇ ನಿಷೇಧಿಸಿದ್ದಾರೆ. ಆದರೂ ಹಳೇ ಸಾಮಾನಿನ ಜೊತೆ ಅದನ್ನೇ ಕೊಟ್ಟು ಕಳಿಸುವವರಿದ್ದಾರೆ. ಸಿಕ್ಕಿದರೆ ಗುಜರಿಗೆ ಹಾಕಿ.

ಬೆನ್ನು. ಬೆನ್ನುಮೂಳೆಯ ಎರಡೂ ಪಕ್ಕ ಕೈ ಚಪ್ಪಟೆ ಇಟ್ಟು, ನಿಧಾನವಾಗಿ ಒತ್ತುತ್ತ ಹಿಂದಕ್ಕೆ ಹೋಗಿ. ಬೆನ್ನು ಕುಸಿಯುವುದು, ಕಿವಿ ಹಿಂದಕ್ಕೆ ಹೋಗುವುದು, ಬಾಲ ಬೀಸುವುದು ಯಾವ ಜಾಗದಲ್ಲಿ ಅಂತ ಬರೆದುಕೊಳ್ಳಿ. ಕುತ್ತಿಗೆ ಬುಡದ ಉಬ್ಬಿನ ಪಕ್ಕ ಬಿಳಿ ಕೂದಲಿನ ಮಚ್ಚೆ ಇದ್ದರೆ ಅದು ಹಳೇ ಜೀನು ಒತ್ತಿದ ಗುರುತು. ಜೀನು ಹಾಕಿ ಸ್ವಲ್ಪ ಹೊತ್ತು ನಡೆಸಿ ತೆಗೆದಾಗ ಬೆವರು ಎರಡೂ ಕಡೆ ಸಮನಾಗಿರಬೇಕು. ಮಧ್ಯದಲ್ಲಿ ಒಣಗಿದ ತುಂಡು ಜಾಗ ಉಳಿದಿದ್ದರೆ ಅಲ್ಲಿ ಒತ್ತಡ ಜಾಸ್ತಿ ಬೀಳುತ್ತಿರಬಹುದು. ಹೊಸ ಜೀನಿಗೆ ದುಡ್ಡಿಲ್ಲದಿದ್ದರೆ ಅಡಿಗೆ ಕಂಬಳಿ ಮೇಲೆ ಕಂಬಳಿ ತುಂಬಬೇಡಿ, ಬಿಗಿಯಾದ ಜೀನು ಇನ್ನೂ ಬಿಗಿಯಾಗುತ್ತದೆ. ಅಳತೆಗೆ ಹೊಂದುವ ಹಳೇ ಜೀನು ಹುಡುಕಿ. ಸಿಗುವವರೆಗೆ ನೆಲದ ಮೇಲಿನ ಪಾಠ ಮಾಡಿ.

ಗೊರಸು. ಬುಡದಲ್ಲಿ ಕಪ್ಪು ಕೊಳೆತ ವಾಸನೆ ಬಂದರೆ ಒದ್ದೆ ಲಾಯದ ತೊಂದರೆ. ಒಣನೆಲ ಮತ್ತು ದಿನನಿತ್ಯ ಶುಚಿ ಮಾಡುವುದೇ ಅದರ ಮುಖ್ಯ ಮದ್ದು, ಖರ್ಚು ಇಲ್ಲವೇ ಇಲ್ಲ. ಗೊರಸು ಬಿಸಿ ಇದ್ದು, ಕಾಲಿನ ಕೆಳಗಿನ ಗಂಟಿನ ಹಿಂಭಾಗದಲ್ಲಿ ನಾಡಿ ಜೋರಾಗಿ ಹೊಡೆಯುತ್ತಿದ್ದು, ಕುದುರೆ ಮುಂಗಾಲು ಚಾಚಿ ಹಿಂದಕ್ಕೆ ಭಾರ ಹಾಕಿ ನಿಂತಿದ್ದರೆ ಅದು ಗೊರಸಿನೊಳಗಿನ ಉರಿಯೂತ. ತಕ್ಷಣ ವೈದ್ಯರನ್ನು ಕರೆಯಬೇಕು. ಹದಿನೈದು ದಾಟಿದ ಕುದುರೆಗೆ ಬೇಸಿಗೆಯಲ್ಲೂ ಉದುರದ ಉದ್ದ ಕೂದಲು, ಜಾಸ್ತಿ ಬಾಯಾರಿಕೆ, ಜೊತೆಗೆ ಈ ಗೊರಸಿನ ತೊಂದರೆ ಇದ್ದರೆ ಹಾರ್ಮೋನಿನ ಕಾಯಿಲೆ ಇರಬಹುದು ಅಂತ ವೈದ್ಯರಿಗೆ ನೆನಪಿಸಿ.

ಕಣ್ಣನ್ನು ಎಲ್ಲರೂ ಮರೆಯುತ್ತಾರೆ. ಒಂದೇ ಪಕ್ಕದಿಂದ ಬಂದಾಗ ಬೆಚ್ಚುವ ಕುದುರೆಗೆ ಆ ಕಡೆಯ ಕಣ್ಣು ಮಂಜಾಗಿರಬಹುದು. ಕೈ ಬೀಸಿ ನೋಡಬೇಡಿ, ಗಾಳಿ ತಾಗಿಯೇ ರೆಪ್ಪೆ ಬಡಿಯುತ್ತದೆ. ಹತ್ತಿಯ ಉಂಡೆಯನ್ನು ಕಣ್ಣಿನ ಮುಂದೆ ಸದ್ದಿಲ್ಲದೆ ಬೀಳಿಸಿ, ಕಣ್ಣು ಅದರ ಹಿಂದೆ ಹೋಗುತ್ತಾ ನೋಡಿ. ಆಗಾಗ ಕೆಂಪಾಗಿ ನೀರು ಸುರಿಸಿ ಮತ್ತೆ ಸರಿಹೋದಂತೆ ಕಾಣುವ ಕಣ್ಣು ದೊಡ್ಡ ಎಚ್ಚರಿಕೆ. ಹಾಗೇ ಬಿಟ್ಟರೆ ಕುರುಡಾಗುತ್ತದೆ.

ಈಗ ಒಂದೊಂದೇ ದೋಷ

*ಹಿಡಿಯಲು ಸಿಗುವುದಿಲ್ಲ.* ಕೈ ಖಾಲಿ ಇಟ್ಟುಕೊಂಡು ಹೋಗಿ ನೋಡಿ. ಆಗ ನಿಂತು, ಹಗ್ಗ ಕಂಡಾಗ ಮಾತ್ರ ಓಡಿದರೆ ಅದು ಓಡುತ್ತಿರುವುದು ಕೆಲಸದಿಂದ. ಕೆಲಸದಲ್ಲಿ ಎಲ್ಲೋ ನೋವಿದೆ, ಮೇಲಿನದನ್ನು ಮತ್ತೆ ನೋಡಿ. ಖಾಲಿ ಕೈಗೂ ಓಡಿದರೆ ಮನುಷ್ಯರ ಭಯ. ಅಟ್ಟಿಸಿಕೊಂಡು ಹೋಗಲೇಬೇಡಿ. ಮೊದಲು ಚಿಕ್ಕ ಬೇಲಿಯೊಳಗೆ ಇಡಿ. ಎದುರಿನಿಂದಲೂ ಹಿಂದಿನಿಂದಲೂ ಬೇಡ, ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಅದಕ್ಕೆ ಕಾಣುವುದಿಲ್ಲ. ಭುಜದ ಕಡೆಗೆ ಓರೆಯಾಗಿ ನಡೆಯಿರಿ. ಅದು ತಲೆ ಎತ್ತಿ ಗಟ್ಟಿಯಾಗುವ ಮೊದಲೇ ನಿಲ್ಲಿ. ನಿಮ್ಮನ್ನು ನೋಡಿ ಕಿವಿ ತಿರುಗಿಸಿದ ಕೂಡಲೇ ಬೆನ್ನು ಹಾಕಿ ದೂರ ಹೋಗಿ. ಹಾಗೆ ದೂರ ಹೋಗುವುದೇ ಅದಕ್ಕೆ ಸಿಗುವ ಬಹುಮಾನ. ದಿನಕ್ಕೆ ನಾಲ್ಕೈದು ಸಲ ಹೋಗಿ, ಪ್ರತಿ ಸಲ ಒಂದೆರಡು ಹೆಜ್ಜೆ ಹತ್ತಿರ. ಮುಟ್ಟಲು ಬಿಟ್ಟಾಗ ಕುತ್ತಿಗೆ ಬುಡದಲ್ಲಿ ಕೆರೆಯಿರಿ, ಕುದುರೆಗಳು ಒಂದಕ್ಕೊಂದು ಕೆರೆಯುವುದೂ ಅಲ್ಲೇ, ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ. ಹಗ್ಗ ಹಾಕಿದ ಮೇಲೂ ಹತ್ತರಲ್ಲಿ ಎಂಟು ಸಲ ಹುಲ್ಲು ಕೊಟ್ಟು ಬಿಟ್ಟುಬಿಡಿ. ಹಿಡಿದಾಗಲೆಲ್ಲ ದುಡಿಸಿದರೆ ಯಾರು ತಾನೇ ಸಿಗುತ್ತಾರೆ, ಅಲ್ವಾ?

*ಕಡಿವಾಣಕ್ಕೆ ಬಾಯಿ ತೆರೆಯುವುದಿಲ್ಲ, ತಲೆ ಎತ್ತುತ್ತದೆ.* ಹಲ್ಲು ಸರಿ ಇದೆ ಅಂತ ಗೊತ್ತಾದ ಮೇಲೆ ಕಿವಿ ನೋಡಿ. ಕಿವಿಯೊಳಗೆ ಉಣ್ಣಿ ಕಚ್ಚಿಕೊಂಡಿರುವುದು ನಮ್ಮ ಕಡೆ ಬಹಳ ಸಾಮಾನ್ಯ. ಕಿವಿ ಹಿಂಡಿ ಹಿಡಿದು ಲಾಳ ಹೊಡೆಸಿದ ಕುದುರೆಯೂ ತಲೆ ಮುಟ್ಟಲು ಬಿಡುವುದಿಲ್ಲ. ಎರಡೂ ಇಲ್ಲದಿದ್ದರೆ ಪಾಠವನ್ನು ಎರಡು ಭಾಗ ಮಾಡಿ. ಮೊದಲು ಬರೀ ಕೈ: ಕುತ್ತಿಗೆಯಿಂದ ನೆತ್ತಿಯವರೆಗೆ ಹೋಗಿ, ತಲೆ ಸ್ವಲ್ಪ ಇಳಿದ ಕ್ಷಣ ಕೈ ತೆಗೆಯಿರಿ. ಅದು ತಲೆ ಎತ್ತಿದಾಗ ಕೈ ತೆಗೆದರೆ ತಲೆ ಎತ್ತುವುದನ್ನೇ ಕಲಿಸಿದಂತಾಗುತ್ತದೆ, ಇಡೀ ತರಬೇತಿಯಲ್ಲಿ ಜಾಸ್ತಿ ಕೆಡುವುದು ಇಲ್ಲೇ. ಆಮೇಲೆ ನಯವಾದ ಕಡಿವಾಣಕ್ಕೆ ಸ್ವಲ್ಪ ಬೆಲ್ಲ ಸವರಿ, ತುಟಿಗೆ ತಾಗಿಸಿ ತೆಗೆಯಿರಿ. ತೆಗೆಯುವಾಗ ಹಲ್ಲಿಗೆ ತಗುಲದಂತೆ ನೋಡಿಕೊಳ್ಳಿ, ಅದು ಬಾಯಿ ತೆರೆಯುವವರೆಗೆ ಕಾಯಿರಿ. ಕೆಲವು ಹಳೇ ಕುದುರೆಗಳಿಗೆ ಬಾಯಿ ಎಷ್ಟು ಹಾಳಾಗಿರುತ್ತದೆ ಅಂದರೆ ಕಡಿವಾಣವೇ ಬೇಡ. ಬೇಲಿಯೊಳಗಿನ ನಡಿಗೆಗೆ ಮೂಗುಪಟ್ಟಿ ಹಗ್ಗ ಸಾಕು.

*ಕಾಲು ಕೊಡುವುದಿಲ್ಲ.* ಯಾವ ಕಾಲು ಅಂತ ನೋಡಿ. ಬಲಗಾಲು ಎತ್ತಲು ಬಿಡದಿದ್ದರೆ ನೋವು ಎಡಗಾಲಿನಲ್ಲಿ ಇರಬಹುದು. ಭಾರವೆಲ್ಲ ಆಗ ಅದರ ಮೇಲೆ ಬೀಳುತ್ತದಲ್ಲ! ಹಿಂಗಾಲಾದರೆ ವಯಸ್ಸಾದ ಕೀಲಿನ ನೋವೂ ಇರಬಹುದು. ಬೆಳಗ್ಗೆ ಬಿಗಿದುಕೊಂಡು ನಡೆದು ಹತ್ತು ನಿಮಿಷದಲ್ಲಿ ಸಡಿಲವಾಗುವ ಕುದುರೆಯನ್ನು ಮೊದಲು ಸುತ್ತಾಡಿಸಿ, ಆಮೇಲೆ ಕಾಲು ಕೇಳಿ. ನೆಲದಿಂದ ಒಂದು ಗೇಣಷ್ಟೇ ಎತ್ತಿ, ಪಕ್ಕಕ್ಕೆ ಎಳೆಯಬೇಡಿ. ಲಾಳ ಹೊಡೆಯುವವರಿಗೂ ಇದನ್ನು ಹೇಳಿ, ಅವಸರದಲ್ಲಿ ಅವರು ಎತ್ತರಕ್ಕೆ ಎತ್ತುತ್ತಾರೆ.

ಭಯದಿಂದ ಒದೆಯುವ ಕುದುರೆಗೆ ಉದ್ದನೆಯ ಬಿದಿರು ಕೋಲು ತನ್ನಿ, ತುದಿಗೆ ಹಳೇ ಬಟ್ಟೆ ಸುತ್ತಿ. ಭುಜದ ಪಕ್ಕ ನಿಂತು ಕೋಲಿನ ತುದಿಯಿಂದ ಬೆನ್ನು, ತೊಡೆ, ಆಮೇಲೆ ಕಾಲು ಸವರಿ. ಒದ್ದರೆ ಕೋಲು ಅಲ್ಲೇ ಇರಲಿ. ಹೊಡೆಯುವುದೂ ಬೇಡ, ತೆಗೆಯುವುದೂ ಬೇಡ. ಕಾಲು ನೆಲಕ್ಕೆ ಬಂದು ನಿಂತ ಕೂಡಲೇ ತೆಗೆಯಿರಿ. ಕೋಲಿಗೆ ಒಗ್ಗಿದ ಮೇಲೆ ಕೈ. ತಲೆಗೆ ಹೆಲ್ಮೆಟ್, ಕಾಲಿಗೆ ಗಟ್ಟಿ ಶೂ, ಹಗ್ಗ ಹಿಡಿಯಲು ಇನ್ನೊಬ್ಬರು. ಇವು ಇಲ್ಲದೆ ಶುರು ಮಾಡಬೇಡಿ.

*ಕಚ್ಚುತ್ತದೆ.* ಹೊಟ್ಟೆಪಟ್ಟಿ ಕಟ್ಟುವಾಗ ಮಾತ್ರವೇ? ಹಾಗಾದರೆ ಪಟ್ಟಿಯ ಕೆಳಗೆ ಹುಣ್ಣು, ಹೊಟ್ಟೆಯೊಳಗೆ ಹುಣ್ಣು, ಇಲ್ಲ ಒಂದೇ ಏಟಿಗೆ ಬಿಗಿಯುವ ಕೈ. ಒಂದೊಂದೇ ತೂತು, ನಡುವೆ ನಾಲ್ಕು ಹೆಜ್ಜೆ ನಡೆಸಿ ಬಿಗಿಯಿರಿ. ಯಾವಾಗಲೂ ಕಚ್ಚುತ್ತದೆ ಅಂದರೆ ಕೈಯಲ್ಲಿ ತಿನ್ನಿಸುವುದು ನಿಲ್ಲಿಸಿ, ಬಕೆಟ್ಟಿನಲ್ಲೇ ಕೊಡಿ. ಮೂತಿಗೆ ಹೊಡೆದರೆ ಕಚ್ಚುವುದು ನಿಲ್ಲಲ್ಲ, ತಲೆ ಮುಟ್ಟಲು ಬಿಡದ ಇನ್ನೊಂದು ದೋಷ ಸೇರಿಕೊಳ್ಳುತ್ತದೆ.

*ಕಟ್ಟಿದರೆ ಜಗ್ಗಿ ಹಗ್ಗ ಕಡಿಯುತ್ತದೆ.* ಗಟ್ಟಿಯಾಗಿ ಕಟ್ಟಬೇಡಿ, ಕುತ್ತಿಗೆ ಉಳುಕುತ್ತದೆ. ಕಂಬಕ್ಕೆ ಸಣಬಿನ ತೆಳು ದಾರ ಕಟ್ಟಿ, ಅದಕ್ಕೆ ಹಗ್ಗ ಕಟ್ಟಿ. ಜೋರಾಗಿ ಜಗ್ಗಿದರೆ ದಾರ ಹರಿಯಬೇಕು. ಹಗ್ಗ ಮೆಲ್ಲಗೆ ಎಳೆದಾಗ ಒಂದು ಹೆಜ್ಜೆ ಮುಂದೆ ಬರುವುದನ್ನು ಬೇರೆಯಾಗಿ ಕಲಿಸಿ.

*ಮುಂದೆ ಹೋಗದೆ ನಿಂತುಬಿಡುತ್ತದೆ.* ಟಾಂಗಾ ಕುದುರೆಗಳ ದೊಡ್ಡ ದೂರು ಇದು. ನೋವು, ಕಣ್ಣು ಎರಡೂ ಸರಿ ಇದ್ದರೆ ಉಳಿಯುವುದು ಇಷ್ಟು: ವರ್ಷಗಟ್ಟಲೆ ಚಾಟಿ ಬೀಳುತ್ತಲೇ ಇತ್ತು, ನಡೆದರೂ ಬೀಳುತ್ತಿತ್ತು, ನಿಂತರೂ ಬೀಳುತ್ತಿತ್ತು, ಹಾಗಾಗಿ ಅದಕ್ಕೆ ಯಾವ ಸೂಚನೆಗೂ ಅರ್ಥ ಉಳಿದಿಲ್ಲ. ಮತ್ತೆ ಮೊದಲಿನಿಂದ ಕಲಿಸಬೇಕು. ಗಾಡಿ ಇಲ್ಲದೆ, ಸವಾರ ಇಲ್ಲದೆ, ಪಕ್ಕ ನಿಂತು ಒಂದು ಮಾತು ಹೇಳಿ, ಹಗ್ಗ ಮೆಲ್ಲಗೆ ಎಳೆಯಿರಿ. ಅರ್ಧ ಹೆಜ್ಜೆ ಹಾಕಿದರೂ ಅದೇ ಸೆಕೆಂಡಿನಲ್ಲಿ ಸಡಿಲ ಬಿಡಿ. ಮೂರು ಸೆಕೆಂಡು ತಡವಾದರೆ ಅದಕ್ಕೆ ಸಂಬಂಧ ಗೊತ್ತಾಗುವುದಿಲ್ಲ. ಹತ್ತು ಹದಿನೈದು ನಿಮಿಷ ಸಾಕು, ಒಂದು ಒಳ್ಳೆ ಹೆಜ್ಜೆ ಹಾಕಿದಾಗ ನಿಲ್ಲಿಸಿ. ವಯಸ್ಸಾದ ಕುದುರೆ ಕಲಿಯುವುದಿಲ್ಲ ಅನ್ನುವುದು ಸುಳ್ಳು, ಕಲಿಯುತ್ತದೆ. ಹಳೇ ಪಾಠ ಅಳಿಸುವುದಿಲ್ಲ ಅಷ್ಟೇ. ಗಾಬರಿಯಾದಾಗ ಅದು ಮತ್ತೆ ಮೇಲೆ ಬರುತ್ತದೆ, ಆಗ ಎರಡು ಹಂತ ಹಿಂದಕ್ಕೆ ಹೋಗಿ.

*ನೆಲ ಕೆರೆದು, ಬಾಗಿಲು ಬಡಿದು ಮೇವು ಕೇಳುತ್ತದೆ.* ಸುಮ್ಮನಿದ್ದಾಗ ಮಾತ್ರ ಹಾಕಿ. ಮೊದಲ ಕೆಲವು ದಿನ ಬಡಿತ ಜಾಸ್ತಿಯಾಗುತ್ತದೆ. ಆಗ ಸೋತು ಹಾಕಿದರೆ ಜೋರಾಗಿ ಬಡಿಯಬೇಕು ಅಂತ ಕಲಿತಂತೆ.

ದುಡ್ಡು ಎಲ್ಲಿಗೆ ಮೊದಲು

ಧನುರ್ವಾಯು ಲಸಿಕೆಗೆ ಮೊದಲು, ಕುದುರೆಗೆ ಆ ಕಾಯಿಲೆ ಬಹಳ ಸುಲಭವಾಗಿ ತಗಲುತ್ತದೆ. ಆಮೇಲೆ ಹಲ್ಲು. ಆಮೇಲೆ ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು. ಜಂತುಹುಳಕ್ಕೆ ಸುಮ್ನೆ ಔಷಧಿ ಸುರಿಯುವ ಬದಲು ಲದ್ದಿಯನ್ನು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಸುಸ್ತು, ಬಿಟ್ಟು ಬಿಟ್ಟು ಜ್ವರ, ಕಾಲು ಮತ್ತು ಹೊಟ್ಟೆಯ ಕೆಳಗೆ ಊತ ಇದ್ದರೆ ಸರ್ರಾ ಪರೀಕ್ಷೆಯನ್ನೂ ಕೇಳಿ, ಕುದುರೆನೊಣದಿಂದ ಹರಡುವ ಕಾಯಿಲೆ ಅದು. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರ ಇದ್ದರೆ ಅಲ್ಲಿಗೇ ಹೋಗಿ, ಕುದುರೆ ನೋಡಿ ಅಭ್ಯಾಸ ಇರುವವರು ಸಿಗುವ ಸಾಧ್ಯತೆ ಜಾಸ್ತಿ. ಉಳಿಸಬಹುದಾದ್ದು ಬಣ್ಣಬಣ್ಣದ ಸಾಮಾನು, ಶಕ್ತಿಪುಡಿ ಡಬ್ಬಿಗಳು, ಮತ್ತು ಒಂದು ವಾರದಲ್ಲಿ ಪಳಗಿಸಿ ಕೊಡುತ್ತೇನೆ ಅನ್ನುವವರ ಫೀಸು.

ಇಷ್ಟೆಲ್ಲ ನೋಡಿದ ಮೇಲೂ ನೋವೋ ಅಭ್ಯಾಸವೋ ಗೊತ್ತಾಗದಿದ್ದರೆ ವೈದ್ಯರ ಹತ್ತಿರ ನೋವುನಿವಾರಕದ ಪ್ರಯೋಗದ ಬಗ್ಗೆ ಮಾತಾಡಿ. ಅವರು ಬರೆದುಕೊಟ್ಟ ಪ್ರಮಾಣದಲ್ಲಿ, ಅವರು ಹೇಳಿದಷ್ಟು ದಿನ ಮಾತ್ರ ಕೊಟ್ಟು, ಅದೇ ಕೆಲಸವನ್ನು ಅದೇ ರೀತಿ ಕೇಳಿ ನೋಡುವುದು. ನಡತೆ ಸುಧಾರಿಸಿದರೆ ನೋವಿದೆ ಅಂತಾಯಿತು, ಇನ್ನು ಜಾಗ ಹುಡುಕಬೇಕು. ಬದಲಾಗದಿದ್ದರೆ ನೋವೇ ಇಲ್ಲ ಅಂತ ಹೇಳಲು ಆಗುವುದಿಲ್ಲ, ಕೆಲವು ನೋವಿಗೆ ಆ ಮದ್ದು ತಾಗುವುದಿಲ್ಲ. ನೀವೇ ಮೆಡಿಕಲ್ ಅಂಗಡಿಯಿಂದ ತಂದು ಕೊಡಬೇಡಿ, ಈ ಮದ್ದುಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ಕೆಟ್ಟದ್ದು.

ಎರಡು ಕಾಲಿನ ಮೇಲೆ ನೇರ ಎದ್ದು ನಿಲ್ಲುವ ಕುದುರೆ, ಸವಾರನನ್ನು ಹೊತ್ತು ನಾಗಾಲೋಟದಲ್ಲಿ ಕೈಮೀರಿ ಓಡುವ ಕುದುರೆ, ಇವೆರಡನ್ನು ಮಾತ್ರ ಮನೆಯಲ್ಲಿ ಸರಿಮಾಡಲು ಹೋಗಬೇಡಿ. ಅನುಭವ ಇರುವವರು ಸಿಗುವವರೆಗೆ ಯಾರನ್ನೂ ಹತ್ತಿಸಬೇಡಿ, ಮಕ್ಕಳನ್ನಂತೂ ಹತ್ತಿರಕ್ಕೂ ಬಿಡಬೇಡಿ. ಅಲ್ಲಿಯವರೆಗೆ ಹುಲ್ಲು, ನೀರು, ಗೊರಸಿನ ಆರೈಕೆ, ಹಗ್ಗ ಹಿಡಿದು ದಿನಕ್ಕೆರಡು ಸಲ ನಡಿಗೆ. ಇಷ್ಟು ಮಾಡುತ್ತ ಇರಿ.